ಹಳಿಗಳು ಯಾರ ಕಡೆಗೆ ಓಡಿದವು?

ಧಾರವಾಡದ ಕರ್ನಾಟಕ ಕಾಲೇಜಿನ ಭವ್ಯವಾದ ಕಟ್ಟಡವನ್ನು ಕಾಣದ ವಿದ್ಯಾವಂತ ಕನ್ನಡಿಗರು ಕಡಿಮೆ. ಅದರ ಮುಂದೆ ನಿಂತು ಅಭಿಮಾನ ಪಟ್ಟವರು ಸಾವಿರಾರು ಜನರಿದ್ದಾರೆ. ಆದರೆ ಆ ಕಟ್ಟಡವು ವಿದ್ಯೆಗಾಗಿ ಎದ್ದದ್ದಲ್ಲ, ರೇಲ್ವೆಗಾಗಿ ಎದ್ದದ್ದು ಎಂಬ ಸಂಗತಿಯು ಅವರಲ್ಲಿ ಎಷ್ಟು ಜನರಿಗೆ ಗೊತ್ತಿದ್ದೀತು? ಸದರ್ನ್ ಮರಾಠಾ ರೇಲ್ವೆ ಎಂಬ ಕಂಪನಿಯವರು ೧೮೮೦ರ ದಶಕದಲ್ಲಿ ತಮ್ಮ ಮುಖ್ಯ ಕಚೇರಿಗೆಂದು ಅದನ್ನು ಕಟ್ಟಿಸಿದರು. ೧೯೦೮ರಲ್ಲಿ ಆ ಕಂಪನಿಯು ಮದ್ರಾಸ್ ರೇಲ್ವೆಯೊಡನೆ ಕೂಡಿಕೊಂಡಿತು. ಮುಖ್ಯ ಕಚೇರಿಯು ಮದ್ರಾಸಿಗೆ ಹೋಯಿತು. ಧಾರವಾಡದ ಕಟ್ಟಡವು ಬರಿದಾಯಿತು. ೧೯೧೭ರಲ್ಲಿ ಹುಟ್ಟಿದ ಕಾಲೇಜಿಗೆ ಮುಂದೆ ಅದೇ ನೆಲೆಯಾಯಿತು. ರೇಲ್ವೆಯವರು ಬಿಟ್ಟುಹೋದ ಮನೆಯಲ್ಲಿ ಸರಸ್ವತಿಯು ಬಂದು ಕುಳಿತಳು. ಇದು ಸಂತೋಷದ ಮಾತೇ ಸರಿ. ಆದರೆ ಈ ಒಂದು ಕಟ್ಟಡದ ಕಥೆಯೊಳಗೆ ನಮ್ಮ ನಾಡಿನ ರೇಲ್ವೆಯ ಕಥೆಯೆಲ್ಲವೂ ಅಡಗಿರುವದೆಂದು ನಾವು ಹೇಳಿದರೆ ವಾಚಕರು ಅತಿಶಯೋಕ್ತಿಯೆಂದು ತಿಳಿಯಬಾರದು.

ನಮ್ಮಲ್ಲಿ ರೇಲ್ವೆಯ ಚರಿತ್ರೆಯನ್ನು ಎರಡು ವಿಧದಿಂದ ನೋಡುವ ವಾಡಿಕೆಯುಂಟು. ಇಂಗ್ಲಿಷರು ನಮಗೆ ಮಾಡಿಹೋದ ಮಹದುಪಕಾರವೆಂದು ಅದನ್ನು ಕೊಂಡಾಡುವವರು ಕೆಲವರು. ಇಂಜಿನುಗಳ ನಂಬರು, ಗಾಡಿಗಳ ವೇಳೆ, ಹಳಿಯ ಅಗಲ ಇವುಗಳನ್ನು ಬರೆದಿಟ್ಟುಕೊಂಡು ಸಂತೋಷಪಡುವ ರೈಲುಪ್ರಿಯರು ಇನ್ನು ಕೆಲವರು. ಈ ಎರಡನೆಯವರ ಮೇಲೆ ನಮಗೆ ಪ್ರೀತಿಯುಂಟು. ಅವರ ಶ್ರಮವನ್ನು ಹಗುರಾಗಿ ಕಾಣುವದು ಸಲ್ಲದು. ಆದರೆ ಹಳಿಯು ಎಷ್ಟು ಅಗಲವಾಗಿತ್ತು ಎಂಬ ಪ್ರಶ್ನೆಯ ಬೆನ್ನಿಗೆ ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕು: ಆ ಹಳಿಯು ಯಾರ ಕಡೆಗೆ ಓಡುತ್ತಿತ್ತು? ಈ ಪ್ರಶ್ನೆಯನ್ನು ಕೇಳಿದ ಕೂಡಲೆ ಒಣ ಅಂಕಿಗಳು ಮಾತಾಡತೊಡಗುವವು.

ಮೊದಲು ಬಂದ ಹಳಿಗಳನ್ನೇ ನೋಡೋಣ. ೧೮೬೪ರಲ್ಲಿ ಮದ್ರಾಸ್ ರೇಲ್ವೆಯು ಜೋಲಾರಪೇಟೆಯಿಂದ ಕವಲೊಡೆದು ಬೆಂಗಳೂರಿಗೆ ಬಂತು. ಬಂದು ನಿಂತದ್ದು ಪೇಟೆಯ ಬಳಿಯಲ್ಲಲ್ಲ, ದಂಡಿನಲ್ಲಿ. ೧೮೭೧ರಲ್ಲಿ ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದವು. ೧೮೭೪ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ಹಳಿಯು ಹೋಯಿತು. ಈ ಮೂರು ಊರುಗಳೂ ಇಂದು ಕರ್ನಾಟಕದೊಳಗಿನವು. ಆದರೆ ಅಂದಿನ ಹಳಿಗಳಲ್ಲಿ ಒಂದಾದರೂ ಒಂದು ಕನ್ನಡ ಊರನ್ನು ಇನ್ನೊಂದು ಕನ್ನಡ ಊರಿಗೆ ಕೂಡಿಸಬೇಕೆಂದು ಹಾಕಿದ್ದಲ್ಲ. ಮುಂಬಯಿ, ಮದ್ರಾಸು, ಹೈದರಾಬಾದುಗಳಿಗೆ ಹೋಗುವ ದಾರಿಯಲ್ಲಿ ನಮ್ಮ ಊರುಗಳು ಬಿದ್ದುವು, ಅಷ್ಟೇ. ರಾಯಚೂರಿನವನಿಗೆ ಮುಂಬಯಿಯೂ ಮದ್ರಾಸೂ ಹತ್ತಿರವಾದುವು. ಧಾರವಾಡವು ದೂರವೇ ಉಳಿಯಿತು.

ಮುಂದೆ ೧೮೭೬ರಿಂದ ೧೮೭೮ರ ವರೆಗಿನ ಘೋರ ಕ್ಷಾಮವು ಬಂತು. ಬಳ್ಳಾರಿ, ಧಾರವಾಡ, ವಿಜಾಪುರ, ಮೈಸೂರು ಸೀಮೆಗಳಲ್ಲಿ ಜನರು ಅನ್ನವಿಲ್ಲದೆ ಸತ್ತರು. ಬೇರೆ ಕಡೆಯಲ್ಲಿ ಧಾನ್ಯವಿದ್ದರೂ ಅದನ್ನು ಒಳನಾಡಿಗೆ ತರಲು ದಾರಿಯಿರಲಿಲ್ಲ. ಎತ್ತಿನ ಬಂಡಿಯಲ್ಲಿ ತರಬೇಕೆಂದರೆ ಎತ್ತುಗಳಿಗೂ ಮೇವಿರಲಿಲ್ಲ. ಈ ಪಾಠವನ್ನು ಕಲಿತ ಬಳಿಕ ಸರಕಾರವು ಕ್ಷಾಮ ನಿವಾರಣೆಯ ಹೆಸರಿನಲ್ಲಿ ಒಳನಾಡಿಗೆ ಹಳಿಗಳನ್ನು ಹಾಕಿಸಲು ಒಡಂಬಟ್ಟಿತು. ೧೮೮೨ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಹುಟ್ಟಿತು. ಹುಬ್ಬಳ್ಳಿ, ಗದಗ, ಬಳ್ಳಾರಿ, ವಿಜಾಪುರ, ಬೆಳಗಾವಿ, ಹರಿಹರಗಳನ್ನು ಅದು ಆ ದಶಕದಲ್ಲಿ ಮುಟ್ಟಿತು. ಹುಬ್ಬಳ್ಳಿಯಲ್ಲಿ ದೊಡ್ಡ ಕಾರಖಾನೆಯು ಎದ್ದಿತು. ಆದರೆ ಹೆಸರನ್ನು ಗಮನಿಸಿರಿ! ಕನ್ನಡದ ಎದೆಯ ಮೇಲೆ ಹಾಯ್ದ ಹಳಿಗೆ 'ದಕ್ಷಿಣ ಮರಾಠಾ' ಎಂಬ ಹೆಸರು! ಧಾರವಾಡ ಬೆಳಗಾವಿ ವಿಜಾಪುರಗಳ ಸೀಮೆಗೆ ಮುಂಬಯಿ ಸರಕಾರದ ದಫ್ತರಗಳಲ್ಲಿ ಆಗ ಅದೇ ಹೆಸರಿದ್ದಿತು. ನಾಡಿನ ಹೆಸರನ್ನೇ ಅರಿಯದವರು ನಾಡಿಗೆ ದಾರಿಯನ್ನು ಹಾಕಿದರು.

ಕ್ಷಾಮದ ಹೆಸರಿನಲ್ಲಿ ಬಂದ ಗಾಡಿಯು ಸುಕಾಲದಲ್ಲಿ ಏನನ್ನು ಹೊತ್ತಿತು? ಹತ್ತಿಯನ್ನು. ಧಾರವಾಡ ಜಿಲ್ಲೆಯ ಹತ್ತಿಯ ಮೇಲೆ ಮ್ಯಾಂಚೆಸ್ಟರಿನವರ ಕಣ್ಣು ಬಹಳ ಹಿಂದೆಯೇ ಬಿದ್ದಿತ್ತು. ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಇಲಾಖೆಯಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದ್ದರಲ್ಲಿಯೂ ಕಾರವಾರವನ್ನು ಹತ್ತಿಯ ಬಂದರವಾಗಿ ಮಾಡಬೇಕೆಂಬ ಉದ್ದೇಶವಿದ್ದಿತು. ಹೀಗೆ ಹತ್ತಿಯ ಅರಳೆಗಾಗಿ ಕನ್ನಡ ಜಿಲ್ಲೆಗಳು ಒಂದು ಇಲಾಖೆಯಿಂದ ಇನ್ನೊಂದಕ್ಕೆ ದಾಟಿದವು! ಆದರೂ ಹಳಿಯು ಕಾರವಾರಕ್ಕೆ ಬರಲಿಲ್ಲ. ೧೮೭೮ರಲ್ಲಿ ಇಂಗ್ಲಿಷರಿಗೂ ಪೋರ್ತುಗೀಜರಿಗೂ ಕರಾರಾಯಿತು. ೧೮೮೮ರಲ್ಲಿ ಗೋವೆಯ ಮಾರ್ಮಗೋವಾ ಬಂದರದಿಂದ ಕ್ಯಾಸಲ್‌ರಾಕಿನ ವರೆಗೆ ಘಟ್ಟವನ್ನು ಹತ್ತಿ ಹಳಿಯು ಬಂದು ನಮ್ಮ ಹಳಿಯನ್ನು ಕೂಡಿತು. ಆ ಘಟ್ಟದಲ್ಲಿ ೩೭ ಅಡಿ ಸಾಗಿದರೆ ಒಂದಡಿ ಏರಬೇಕು. ಮುಂದೆ ಎಳೆಯುವ ಇಂಜಿನು ಸಾಲದೆ ಹಿಂದಿನಿಂದಲೂ ಇಂಜಿನುಗಳನ್ನು ಹಚ್ಚಿ ನೂಕಬೇಕು. ದೂಧಸಾಗರದ ಜಲಪಾತದೆದುರಿಗೆ ಹಾಯ್ದುಹೋಗುವ ಈ ಹಳಿಯನ್ನು ನೋಡಿ ಬೆರಗಾಗದ ರೈಲುಪ್ರಿಯನಿಲ್ಲ. ಬೆರಗಾಗುವದು ಯೋಗ್ಯವೇ. ಆದರೆ ಕಾರವಾರವು ಇಷ್ಟು ಹತ್ತಿರವಿದ್ದೂ ಹುಬ್ಬಳ್ಳಿಯಿಂದ ಅಲ್ಲಿಗೆ ನೇರವಾದ ಹಳಿಯನ್ನು ಆಗ ಹಾಕಲಿಲ್ಲ ಎಂಬದನ್ನು ಬೆರಗಿನ ನಡುವೆ ಮರೆಯಬಾರದು.

ಇನ್ನು ಹಳಿಯ ಅಗಲದ ಮಾತು. ಮುಂಬಯಿ ಮದ್ರಾಸುಗಳನ್ನು ಕೂಡಿಸಿದ ಹಳಿಯು ಐದೂವರೆ ಅಡಿ ಅಗಲದ್ದು. ನಮ್ಮ ಒಳನಾಡಿಗೆ ಬಂದದ್ದು ಒಂದು ಮೀಟರು, ಎಂದರೆ ಸುಮಾರು ಮೂರು ಅಡಿ ಮೂರು ಅಂಗುಲದ ಹಳಿ. ಖರ್ಚು ಕಡಿಮೆಯಾಗಬೇಕೆಂಬದೇ ಇದರ ಕಾರಣ. ಆದರೆ ಒಂದು ಹಳಿಯ ಡಬ್ಬಿಯು ಇನ್ನೊಂದರ ಮೇಲೆ ಓಡಲಾರದಷ್ಟೆ! ಆದಕಾರಣ ಗುಂತಕಲ್ಲು, ಹೊಟಗಿ, ಬೆಂಗಳೂರು ಮೊದಲಾದ ಕೂಡುನಿಲ್ದಾಣಗಳಲ್ಲಿ ಪ್ರತಿಯೊಂದು ಚೀಲವನ್ನು ಒಂದು ಗಾಡಿಯಿಂದ ಇಳಿಸಿ, ಹಮಾಲರ ತಲೆಯ ಮೇಲೆ ಹೊರಿಸಿ, ಇನ್ನೊಂದು ಗಾಡಿಗೆ ತುಂಬಬೇಕಾಗುತ್ತಿತ್ತು. ವೇಳೆಯ ನಷ್ಟ, ಮಾಲಿನ ನಷ್ಟ, ಕೂಲಿಯ ಖರ್ಚು; ಇವೆಲ್ಲವೂ ಕೊನೆಗೆ ಬೀಳುತ್ತಿದ್ದುದು ಒಕ್ಕಲಿಗನ ಮೇಲೆ. ನಾಡಿನ ಬಹುಭಾಗವು ಈ ತೊಂದರೆಯಿಂದ ಬಿಡುಗಡೆ ಹೊಂದಿದ್ದು, ೧೯೯೨ರಲ್ಲಿ ದೇಶಕ್ಕೆಲ್ಲ ಒಂದೇ ಅಗಲದ ಹಳಿಯೆಂಬ ಯೋಜನೆಯು ಆರಂಭವಾದ ಬಳಿಕ.

ಮೈಸೂರು ಸಂಸ್ಥಾನದ ಕಥೆಯು ಸ್ವಲ್ಪ ಬೇರೆ. ಬೆಂಗಳೂರು ಮೈಸೂರುಗಳ ನಡುವಿನ ಹಳಿಯನ್ನು ಕ್ಷಾಮದ ದಿನಗಳಲ್ಲಿ ಆರಂಭಿಸಿ ಸಂಸ್ಥಾನವೇ ತನ್ನ ಹಣದಿಂದ ಹಾಕಿಸಿತು. ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ, ೧೮೮೨ರಲ್ಲಿ, ಅದು ಮೈಸೂರನ್ನು ಮುಟ್ಟಿತು. ಕನ್ನಡದ ಒಂದು ದೊಡ್ಡ ಊರನ್ನು ಇನ್ನೊಂದು ದೊಡ್ಡ ಊರಿಗೆ ಕೂಡಿಸಲೆಂದೇ ಕನ್ನಡಿಗರ ಹಣದಿಂದ ಹಾಕಿದ ಹಳಿಯೆಂದು ಇದನ್ನು ನಾವು ಗೌರವಿಸಬೇಕು. ಆದರೆ ನಾಲ್ಕು ವರ್ಷಗಳಲ್ಲಿಯೇ, ೧೮೮೬ರಲ್ಲಿ, ಇದರ ಆಡಳಿತವು ಸದರ್ನ್ ಮರಾಠಾ ಕಂಪನಿಯ ಕೈಸೇರಿತು. ಅದನ್ನು ಮರಳಿ ಪಡೆಯಲು ಒಂದು ತಲೆಮಾರು ಹಿಡಿಯಿತು: ಮೈಸೂರಿನ ಕಡೆಯ ಹಳಿಗಳು ೧೯೧೯ರಲ್ಲಿ ಬಂದವು, ಬೆಂಗಳೂರು ಹರಿಹರದ ಹಳಿಯು ೧೯೩೮ರಲ್ಲಿ ಬಂತು. ಕೊಡುವದು ಒಂದು ರುಜುವಿನ ಕೆಲಸ, ಮರಳಿ ಪಡೆಯುವದು ಐವತ್ತು ವರ್ಷಗಳ ಕೆಲಸ. ಇದು ರೇಲ್ವೆಗೆ ಮಾತ್ರ ಅನ್ವಯಿಸುವ ಮಾತಲ್ಲ.

ಕೋಲಾರ ಜಿಲ್ಲೆಯ ಹಳಿಗಳಂತೂ ಶಾಲೆಯ ಮಕ್ಕಳಿಗೂ ತಿಳಿಯುವಂಥ ಪಾಠವನ್ನು ಹೇಳುತ್ತವೆ. ಬೌರಿಂಗಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಚಿನ್ನದ ಗಣಿಗಳ ಮಾರಿಕುಪ್ಪಕ್ಕೆ ೧೮೯೪ರಲ್ಲಿ ಹಳಿಯು ಹೋಯಿತು. ಅದು ಐದೂವರೆ ಅಡಿಯ ಅಗಲ ಹಳಿ. ಅದೇ ಬೌರಿಂಗಪೇಟೆಯಿಂದ ಜಿಲ್ಲೆಯ ಮುಖ್ಯಪಟ್ಟಣವಾದ ಕೋಲಾರಕ್ಕೆ ಗಾಡಿಯು ಬಂದದ್ದು ೧೯೧೩ರಲ್ಲಿ. ಅದು ಎರಡೂವರೆ ಅಡಿಯ ಕಿರುಹಳಿ. ಚಿನ್ನಕ್ಕೆ ದೊಡ್ಡ ಗಾಡಿ, ಜನರಿಗೆ ಆಟದ ಗಾಡಿ! ಮುಂದೆ ಆ ಕಿರುಹಳಿಯು ಚಿಂತಾಮಣಿ, ಚಿಕ್ಕಬಳ್ಳಾಪುರ, ದೇವನಹಳ್ಳಿಗಳ ಸುತ್ತ ಬೆಂಗಳೂರಿನ ವರೆಗೆ ಕೂಡಿಕೊಂಡಿತು. ನಂದಿಬೆಟ್ಟದ ಬುಡದ ನಂದಿ ಹಾಲ್ಟಿನಂಥ ಚಿಕ್ಕ ಚೊಕ್ಕ ಸ್ಟೇಶನ್ನುಗಳು ಆ ಕಾಲದ ಗುರುತು. ಈ ಹಳಿಯನ್ನು ಹಾಕಲು ಜಿಲ್ಲೆಯ ಜನರು ಆಸ್ಥೆಯಿಂದ ನೆರವಾದರು; ತಡವಾಗಿ ಬಂದರೂ ಅದು ಜನರ ಗಾಡಿಯಾಗಿಯೇ ಬಾಳಿತು. ಚಿನ್ನದ ಗಣಿಯು ೨೦೦೧ರಲ್ಲಿ ಮುಚ್ಚಿತು. ಮಾರಿಕುಪ್ಪದ ಹಳಿಯು ಉಳಿಯಿತು; ಈಗ ಅದು ಚಿನ್ನವನ್ನಲ್ಲ, ಬೆಳಗಿನ ಕತ್ತಲೆಯಲ್ಲೆದ್ದು ಬೆಂಗಳೂರಿಗೆ ದುಡಿಯಲು ಹೋಗುವ ಜನರನ್ನು ಹೊರುತ್ತದೆ. ಕೋಲಾರ ಚಿಕ್ಕಬಳ್ಳಾಪುರಗಳ ನಡುವಿನ ಕಿರುಹಳಿಯ ಹಾದಿಯಲ್ಲಿ ಅಗಲ ಹಳಿಯ ಗಾಡಿಯು ಓಡಿದ್ದು ೨೦೧೩ರಲ್ಲಿ.

ಟ್ರಾಮಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಮುಂಬಯಿಯ ಬೀದಿಗಳಲ್ಲಿ ೧೮೭೪ರಲ್ಲಿ ಕುದುರೆಯ ಟ್ರಾಮೂ ೧೯೦೭ರಲ್ಲಿ ವಿದ್ಯುತ್ತಿನ ಟ್ರಾಮೂ ಓಡತೊಡಗಿದವು. ಮದ್ರಾಸಿನಲ್ಲಿ ವಿದ್ಯುತ್ತಿನ ಟ್ರಾಮು ೧೮೯೫ರಲ್ಲಿಯೇ ಬಂದಿತು. ಮದ್ರಾಸಿನ ಟ್ರಾಮು ೧೯೫೩ರಲ್ಲಿ, ಮುಂಬಯಿಯದು ೧೯೬೪ರಲ್ಲಿ ನಿಂತುಹೋದವು. ಅನ್ನ ಅರಸಿಕೊಂಡು ಮುಂಬಯಿಗೆ ಹೋದ ಕನ್ನಡಿಗರು ಆ ಟ್ರಾಮಿನಲ್ಲಿ ಕುಳಿತೇ ಊರನ್ನು ಕಂಡರು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಗಣಿಗಳಿಗೂ ೧೯೦೫ರಲ್ಲಿ ಬೆಂಗಳೂರಿಗೂ ಬಂದರೂ ಬೆಂಗಳೂರಿನ ಬೀದಿಯಲ್ಲಿ ಟ್ರಾಮು ಓಡಲಿಲ್ಲ. ನಮ್ಮಲ್ಲಿ ಟ್ರಾಮೆಂಬ ಹೆಸರಿದ್ದುದು ಕಾಡಿನಲ್ಲಿ! ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿಯ ಹಳಿಯ ಮೇಲೆ ಓಡಿದ ಪುಟ್ಟ ಗಾಡಿಗೆ ಜನರು ಟ್ರಾಮೆಂದರು. ಮಲೆನಾಡಿನ ಮರಮುಟ್ಟು ಮೊದಲಾದ ಸರಕನ್ನು ಸಾಗಿಸುವದೇ ಅದರ ಮುಖ್ಯ ಕೆಲಸ. ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರಖಾನೆಯು ಆರಂಭವಾದಾಗ ಅಲ್ಲಿಯ ಕುಲುಮೆಗೆ ಕಲ್ಲಿದ್ದಲಿನ ಬದಲಾಗಿ ಕಟ್ಟಿಗೆಯ ಇದ್ದಲಿ ಬೇಕಾಗಿತ್ತು; ಆ ಕಟ್ಟಿಗೆಯನ್ನು ತರಲು ಕಾಡಿನೊಳಗೆ ಟ್ರಾಮಿನ ಹಳಿಗಳು ಹೊಕ್ಕವು. ಇಂದು ಆ ಹಳಿಗಳು ಇಲ್ಲ. ಅವು ಎಲ್ಲೆಲ್ಲಿ ಹಾಯ್ದುಹೋಗಿದ್ದುವು ಎಂಬದನ್ನು ಬಲ್ಲ ಹಿರಿಯರು ವರ್ಷಕ್ಕೆ ಕೆಲವರಂತೆ ಕಣ್ಮರೆಯಾಗುತ್ತಿದ್ದಾರೆ.

ಕರಾವಳಿಯ ಕಥೆಯು ಎಲ್ಲಕ್ಕಿಂತಲೂ ದುಃಖದ್ದು. ಮಂಗಳೂರಿಗೆ ೧೯೦೭ರಲ್ಲಿ ಹಳಿಯು ಬಂತು. ಮಲಬಾರದ ಕಡೆಯಿಂದ ಬಂತು. ಆ ಬಳಿಕ ಮಂಗಳೂರಿನವನು ಗಾಡಿಯಲ್ಲಿ ಬೆಂಗಳೂರಿಗೆ ಹೋಗಬೇಕಾದರೆ ದಕ್ಷಿಣಕ್ಕೆ ಇಳಿದು, ಪಾಲಕ್ಕಾಡಿನ ಕಣಿವೆಯನ್ನು ದಾಟಿ, ಕೊಯಮತ್ತೂರು ಸೇಲಂಗಳನ್ನು ಬಳಸಿ, ಜೋಲಾರಪೇಟೆಯಿಂದ ಮರಳಿ ಮೇಲಕ್ಕೆ ಬರಬೇಕಾಗಿತ್ತು. ತಲೆಯ ಹಿಂದಿನಿಂದ ಕೈ ಸುತ್ತಿಸಿ ಮೂಗನ್ನು ಮುಟ್ಟಿದಂತಾಯಿತು! ಮೈಸೂರಿಗೆ ಒಂದು ಸ್ವಂತ ಬಂದರವು ಬೇಕೆಂದು ವಿಶ್ವೇಶ್ವರಯ್ಯನವರು ಭಟ್ಕಳದ ಕಡೆಗೆ ಕಣ್ಣಿಟ್ಟಿದ್ದರು. ಆದರೆ ಭಟ್ಕಳವು ಮುಂಬಯಿ ಇಲಾಖೆಯದು. ಶಿವಮೊಗ್ಗೆಯಿಂದ ಹೊರಟ ಹಳಿಯು ೧೯೪೦ರಲ್ಲಿ ತಾಳಗುಪ್ಪಕ್ಕೆ ಬಂದು ಘಟ್ಟದ ತಲೆಯ ಮೇಲೆ ನಿಂತುಬಿಟ್ಟಿತು. ಸಮುದ್ರವನ್ನು ಕಾಣಲೇ ಇಲ್ಲ. ಹಾಸನ ಮಂಗಳೂರುಗಳ ನಡುವಿನ ಹಳಿಯು ತೆರೆದದ್ದು ೧೯೭೯ರಲ್ಲಿ. ೧೯೦೭ಕ್ಕೂ ೧೯೭೯ಕ್ಕೂ ನಡುವೆ ೭೨ ವರ್ಷಗಳು! ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವಲ್ಲಿ ೫೦ ಅಡಿಗೆ ಒಂದಡಿಯ ಇಳಿಜಾರು, ೫೦ಕ್ಕೂ ಮಿಕ್ಕಿದ ಸುರಂಗಗಳು, ಮೇಲಿಂದ ಮೇಲೆ ಸೇತುವೆಗಳು. ಕೆಲಸವು ಕಠಿಣವಾಗಿತ್ತೆಂಬದು ನಿಜ. ಆದರೆ ಇಷ್ಟೇ ಕಠಿಣವಾದ ಘಟ್ಟವನ್ನು ಗೋವೆಯ ಬಂದರಕ್ಕಾಗಿ ೧೮೮೮ರಲ್ಲಿಯೇ ಹತ್ತಲಿಲ್ಲವೇ? ಕೊರತೆಯಿದ್ದುದು ವಿದ್ಯೆಯಲ್ಲಲ್ಲ. ಘಟ್ಟದ ಮೇಲಿನವರೂ ಕೆಳಗಿನವರೂ ಒಂದೇ ಮನೆಯವರೆಂದು ತಿಳಿಯುವ ಅಧಿಕಾರವು ಒಂದಿರಲಿಲ್ಲ, ಕೊರತೆಯಿದ್ದುದು ಅಲ್ಲಿ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಹಳಿಗಳಿಂದ ನಮಗೆ ಒಳಿತೇ ಆಗಲಿಲ್ಲವೆಂದು ನಾವು ಹೇಳುವವರಲ್ಲ. ಹಾಕಿದವರ ಉದ್ದೇಶವು ಒಂದು, ಉಪಯೋಗಿಸಿದವರ ಉದ್ದೇಶವು ಇನ್ನೊಂದು. ಪುಣೆಯಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹರಿಹರಗಳ ಮೇಲೆ ಹಾಯ್ದು ಬೆಂಗಳೂರಿಗೆ ಹೋಗುವ ಮೀಟರ್ ಹಳಿಯು ಹತ್ತಿಗಾಗಿ ಹಾಕಿದ್ದಿರಬಹುದು. ಆದರೆ ಹತ್ತಿಯ ಅಂಡಿಗೆಗಳ ಸಂಗಡ ಕನ್ನಡದ ಪುಸ್ತಕಗಳೂ ಪತ್ರಿಕೆಗಳೂ ಅದರ ಮೇಲೆ ಹೋದವು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. ೧೯೨೪ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸು ನೆರೆಯಿತು. ಅದೇ ಸಮಯಕ್ಕೆ ಅಲ್ಲಿ ಕರ್ನಾಟಕ ಏಕೀಕರಣದ ಮೊದಲನೆಯ ಪರಿಷತ್ತೂ ಕೂಡಿತು. ನಾಡಿನ ನಾಲ್ಕೂ ಕಡೆಯ ಜನರು ಇಂಥ ಸಭೆಗಳಿಗೆ ಬಂದು ಮುಟ್ಟಲು ಸಾಧ್ಯವಾದದ್ದು ಯಾವದರಿಂದ? ಮೂರನೆಯ ತರಗತಿಯ ಡಬ್ಬಿಯಲ್ಲಿ ರಾತ್ರಿಯೆಲ್ಲ ಕುಳಿತು ಮೈಸೂರಿನವನೂ ಧಾರವಾಡದವನೂ ಮಾತಿಗೆ ತೊಡಗಿ, ತಮ್ಮಿಬ್ಬರ ಕನ್ನಡವೂ ಒಂದೇ ಎಂಬದನ್ನು ಅರಿತುಕೊಂಡರು. ಕಂಪನಿಯವರು ಈ ಲಾಭವನ್ನು ತಮ್ಮ ಜಮಾಖರ್ಚಿನಲ್ಲಿ ಎಂದೂ ಬರೆಯಲಿಲ್ಲ. ಅದನ್ನು ಬರೆಯಬೇಕಾದವರು ನಾವು.

ನಾಡು ೧೯೫೬ರ ನವೆಂಬರ ೧ರಂದು ಒಂದಾಯಿತು. ಹಳಿಗಳ ಆಡಳಿತವು ಒಂದಾಗಲಿಲ್ಲ. ೧೯೫೧ರಲ್ಲಿ ಮೈಸೂರಿನ ರೇಲ್ವೆಯೂ ಮದ್ರಾಸ್ ಎಂಡ್ ಸದರ್ನ್ ಮರಾಠಾ ರೇಲ್ವೆಯೂ ದಕ್ಷಿಣ ರೇಲ್ವೆಯಲ್ಲಿ ಸೇರಿ ಮದ್ರಾಸಿನ ಕೈಕೆಳಗೆ ಬಂದಿದ್ದುವು. ೧೯೬೬ರಲ್ಲಿ ಹುಬ್ಬಳ್ಳಿಯ ವಿಭಾಗವು ಸಿಕಂದರಾಬಾದಿನ ಕೈಕೆಳಗೆ ಹೋಯಿತು. ಹುಬ್ಬಳ್ಳಿಯನ್ನೇ ಮುಖ್ಯ ಸ್ಥಳವಾಗಿ ಮಾಡಿಕೊಂಡು ನೈಋತ್ಯ ರೇಲ್ವೆಯು ಹುಟ್ಟಿದ್ದು ೨೦೦೩ರ ಏಪ್ರಿಲಿನಲ್ಲಿ. ೧೯೦೮ರಲ್ಲಿ ಧಾರವಾಡದಿಂದ ಎದ್ದುಹೋದ ಮುಖ್ಯ ಕಚೇರಿಯು ೯೫ ವರ್ಷಗಳ ಮೇಲೆ ನೆರೆಯ ಹುಬ್ಬಳ್ಳಿಗೆ ಮರಳಿ ಬಂದಿತೆಂದು ನಾವು ಹೇಳಬಹುದು. ಆಗಲೂ ಮಂಗಳೂರು ಪಾಲಕ್ಕಾಡಿನ ವಿಭಾಗದಲ್ಲಿಯೇ, ಕಲಬುರಗಿ ಸೋಲಾಪುರದ ವಿಭಾಗದಲ್ಲಿಯೇ ಉಳಿದುವು. ಕಾರವಾರ, ಕುಮಟಾ, ಭಟ್ಕಳ, ಉಡುಪಿಗಳ ಮೇಲೆ ಹಾಯುವ ಕೊಂಕಣ ರೇಲ್ವೆಯು ಪೂರ್ಣವಾಗಿ ತೆರೆದದ್ದು ೧೯೯೮ರಲ್ಲಿ. ಬೀದರಿನಿಂದ ಕಲಬುರಗಿಗೆ ನೇರವಾದ ಹಳಿಯು ತೆರೆದದ್ದು ೨೦೧೭ರಲ್ಲಿ! ಪಕ್ಕದ ಎರಡು ಜಿಲ್ಲೆಗಳ ಮುಖ್ಯಪಟ್ಟಣಗಳನ್ನು ಕೂಡಿಸಲು ಏಕೀಕರಣವಾದ ಬಳಿಕವೂ ೬೧ ವರ್ಷಗಳು ಬೇಕಾದವು. ನಾಡಿನ ನಕಾಶವು ಒಂದೇ ದಿನದಲ್ಲಿ ಬದಲಾದೀತು; ಹಳಿಯ ನಕಾಶವು ಬೇಗನೆ ಬದಲಾಗುವದಿಲ್ಲ. ಹಿಂದಿನವರು ಒಮ್ಮೆ ತಿರುಗಿಸಿಟ್ಟ ದಿಕ್ಕಿನಲ್ಲಿಯೇ ಜನರೂ ಮಾಲೂ ವ್ಯಾಪಾರವೂ ತಲೆಮಾರುಗಟ್ಟಲೆ ಹರಿಯುತ್ತವೆ.

ಆದುದರಿಂದಲೇ ಈ ಚರಿತ್ರೆಯು ನಮಗೆ ಬೇಕು. ಅಗಲ ಹಳಿಗಳು ಬಂದದ್ದು ಸ್ವಾಗತಾರ್ಹ. ಹಳೆಯ ಕಿರುಹಳಿಗಳೇ ಇರಬೇಕಾಗಿತ್ತೆಂದು ಹಲುಬುವದು ವಿವೇಕವಲ್ಲ. ಆದರೆ ಹಳಿಯನ್ನು ಕೀಳುವಾಗ ಅದರ ನೆನಪನ್ನೂ ಕಿತ್ತೊಗೆಯಬೇಕೆಂದಿಲ್ಲ. ಮೈಸೂರಿನಲ್ಲಿ ೧೯೭೯ರಿಂದ ರೇಲ್ವೆಯ ವಸ್ತುಸಂಗ್ರಹಾಲಯವೊಂದಿದೆ. ೧೮೯೯ರ ಮಹಾರಾಣಿಯವರ ಡಬ್ಬಿಯನ್ನು ಅಲ್ಲಿ ಕಾಣಬಹುದು. ಹುಬ್ಬಳ್ಳಿಯಲ್ಲಿಯೂ ೨೦೨೦ರಲ್ಲಿ ಒಂದು ಸಂಗ್ರಹಾಲಯವು ತೆರೆದಿದೆ. ಆದರೆ ಮಹಾರಾಣಿಯವರ ಡಬ್ಬಿಯನ್ನು ಕಾಪಾಡುವವರು ಸಿಗುವರು. ಹಳಿಯ ಮೇಲೆ ಬಡಿಗೆ ಹಿಡಿದು ಮೈಲುಗಟ್ಟಲೆ ನಡೆದ ಗ್ಯಾಂಗಿನವನ ಮಾತನ್ನು ಬರೆದುಕೊಳ್ಳುವವರು ಯಾರು?

ನಮ್ಮ ಉಪಾಧ್ಯಾಯ ಬಂಧುಗಳನ್ನೇ ನಾವು ಇದಕ್ಕಾಗಿ ಕೇಳಿಕೊಳ್ಳುತ್ತೇವೆ. ಇದು ಹಣದ ಕೆಲಸವಲ್ಲ, ಆಸ್ಥೆಯ ಕೆಲಸ. ನಿಮ್ಮ ಊರಿಗೆ ಮೊದಲನೆಯ ಗಾಡಿಯು ಯಾವ ವರ್ಷ ಬಂತು? ಯಾವ ಕಡೆಯಿಂದ ಬಂತು? ಏನನ್ನು ತಂದಿತು, ಏನನ್ನು ಒಯ್ದಿತು? ಅದು ಬರುವ ಮೊದಲು ಯಾವ ಊರಿನ ಸಂತೆಗೆ ನಿಮ್ಮ ಜನರು ಹೋಗುತ್ತಿದ್ದರು, ಬಂದ ಬಳಿಕ ಯಾವ ಊರಿಗೆ ಹೋಗತೊಡಗಿದರು? ಹಳಿಯ ಕೆಲಸಕ್ಕೆ ಯಾವ ಸೀಮೆಯ ಕೂಲಿಗಳು ಬಂದು ನಿಮ್ಮ ಊರಿನಲ್ಲಿಯೇ ನಿಂತರು? ಈ ಐದಾರು ಪ್ರಶ್ನೆಗಳನ್ನು ಮೇಲಿನ ತರಗತಿಯ ಹುಡುಗ ಹುಡುಗಿಯರ ಕೈಯಲ್ಲಿ ಕೊಟ್ಟು, ಊರಿನ ಹಿರಿಯರ ಹತ್ತಿರಕ್ಕೆ ಕಳುಹಿಸಿರಿ. ಹಳಿಯನ್ನು ಕಿತ್ತಿರುವ ಕಡೆಯಲ್ಲಿ ಅದರ ದಿಬ್ಬವು ಇನ್ನೂ ಉಳಿದಿದ್ದರೆ ಮಕ್ಕಳನ್ನು ಕರೆದುಕೊಂಡು ಅದರ ಮೇಲೆ ನಡೆದುಬನ್ನಿರಿ; ಹಳೆಯ ಸೇತುವೆಯ ಕಲ್ಲಿನ ಮೇಲೆ ವರ್ಷವನ್ನು ಕೊರೆದಿದ್ದರೆ ಬರೆದುಕೊಳ್ಳಿರಿ. ರೈಲುಪ್ರಿಯರು ತಾವು ಕೂಡಿಟ್ಟ ನಂಬರುಗಳನ್ನೂ ನಕಾಶಗಳನ್ನೂ ತಂದು ಇದಕ್ಕೆ ಸೇರಿಸಲಿ. ಹೀಗೆ ಊರೂರಿನಿಂದ ಬಂದ ಸಂಗತಿಗಳು ಒಂದೆಡೆ ಕೂಡಿದರೆ, ಕಂಪನಿಯ ವರದಿಗಳಲ್ಲಿ ಎಂದೂ ಸಿಗದ ಚರಿತ್ರೆಯೊಂದು ಕನ್ನಡದಲ್ಲಿ ಸಿದ್ಧವಾಗುವದು.

ಹಳಿಗಳನ್ನು ಹಾಕಿದಾಗ ಯಾರೂ ನಮ್ಮನ್ನು ಕೇಳಲಿಲ್ಲ. ಇನ್ನು ಮುಂದೆ ಹಾಕುವ ಹಳಿಗಳ ವಿಷಯದಲ್ಲಿ ಕೇಳಿಸಿಕೊಳ್ಳಬೇಕಾದರೆ, ಹಿಂದಿನವು ಎತ್ತ ಓಡಿದವು, ಯಾಕೆ ಓಡಿದವು ಎಂಬದು ನಮಗೆ ಬಾಯಿಪಾಠವಾಗಿರಬೇಕು. ಧಾರವಾಡದ ಕಾಲೇಜಿನ ಮೆಟ್ಟಿಲುಗಳನ್ನು ಹತ್ತುವ ತರುಣರು ಇನ್ನು ಮೇಲೆ ಒಂದು ಕ್ಷಣ ನಿಂತು, ಈ ಮನೆಯು ಮೊದಲು ಯಾರದಿತ್ತು, ಅವರು ಇಲ್ಲಿಂದ ಯಾಕೆ ಹೋದರು ಎಂದು ತಮ್ಮ ಗುರುಗಳನ್ನು ಕೇಳಲಿ. ಉತ್ತರ ಹೇಳಲು ಗುರುಗಳು ಸಿದ್ಧರಾಗಿರಲಿ.